ಪುಸ್ತಕ ನೋಡದೆ ಹೇಳಿದ ಮಾತು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ಪ್ರವಚನಕ್ಕೆ ಮೈಕ್ ಹಾಕಿದ್ದು ನಾನೇ. ಬೆಂಗಳೂರಿನಿಂದ ಬಂದ ಪ್ರವಚನಕಾರರಿಗೆ ನಮ್ಮವರು ಅಭಿಮಾನದಿಂದ ಮೆಣಸಿನಕಾಯಿ ಹಾರ ಹಾಕಿದರು. ಅವರು ಅದರ ಕಾಯಿಗಳನ್ನು ಜಪಮಣಿಯ ಹಾಗೆ ತಿಕ್ಕುತ್ತ, "ದೇವರನ್ನು ಪುಸ್ತಕದಲ್ಲಿ ಹುಡುಕಬೇಡಿ, ಸ್ವಂತ ಅನುಭವದಲ್ಲಿ ಕಾಣಿ" ಎಂದು ಪುಸ್ತಕ ನೋಡಿಕೊಂಡೇ ಹೇಳಿದರು.

ಎದುರಿಗೆ ಕೂತವರ ಕಣ್ಣೆಲ್ಲ ಒದ್ದೆ. ಪ್ರವಚನಕಾರರಿಗೆ ಖುಷಿಯೋ ಖುಷಿ. ಮುಂದೆ ಕೂತಿದ್ದ ಮುದುಕಿಯನ್ನು ಕೇಳಿದರು, "ಏನಮ್ಮ, ದೇವರ ಅನುಭವ ಆಯ್ತಾ?"

"ಇಲ್ರಿ ಯಪ್ಪಾ, ಘಾಟು. ರಾಶಿ ಕಡಿಂದ ಗಾಳಿ ಬೀಸಾಕತ್ತೈತಿ."

ಅದನ್ನೂ ವಿನಯವೆಂದೇ ತಿಳಿದು, ಭಾವುಕರಾಗಿ, ಹಾರ ತಿಕ್ಕಿದ ಕೈಯಿಂದಲೇ ಕಣ್ಣೊರೆಸಿಕೊಂಡರು. ಮರುಕ್ಷಣ ಮೈಕಿನಲ್ಲಿ "ಅಯ್ಯೋ ದೇವರೇ" ಎಂದದ್ದು ರೈಲ್ವೆ ಸ್ಟೇಷನ್ನಿನವರೆಗೂ ಕೇಳಿಸಿತು.

ಇಡೀ ಪ್ರವಚನದಲ್ಲಿ ಪುಸ್ತಕ ನೋಡದೆ ಹೇಳಿದ್ದು ಅದೊಂದೇ ಮಾತು.