ಅಕ್ಕನ ಸೈಕಲ್ಲಿಗೆ ಹಿಡಿದ ಅಳತೆ

ಆಳಿನ ಎತ್ತರ ಕೇಳಿ ಸೈಕಲ್ ಕೊಳ್ಳಬಾರದು. ಈ ಮಾತನ್ನು ಶಹಾಬಾದಿನ ಸೈಕಲ್ ಅಂಗಡಿಯವರು ಮೊದಲ ದಿನವೇ ನನಗೆ ಹೇಳಿದ್ದರು. ನಾನು ಅದನ್ನು ಮೂರು ಅಂಶಗಳಲ್ಲಿ ಖಂಡಿಸಿ, ಅವರನ್ನು ಸೋಲಿಸಿ ಬಂದಿದ್ದೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಎದುರಿನವರು ಉಸಿರು ತೆಗೆದುಕೊಳ್ಳುವ ಜಾಗ ಯಾವುದೆಂದು ನನಗೆ ಗೊತ್ತಾಗುತ್ತದೆ. "ಹೊಡಿಯೋರನ್ನ ಕರ್ಕೊಂಡು ಬರ್ರಿ ತಂಗಿ, ಒಮ್ಮೆ ಫ್ರೇಮಿನ ಮ್ಯಾಲೆ ಕಾಲು ಹಾಕಿ ನಿಂದ್ರಲಿ" ಎಂದು ಅವರು ಅಂದಾಗ ನಾನು ಫೋನು ತೆಗೆದು ಸೈಕಲ್ ಅಳತೆಯ ಪಟ್ಟಿ ತೋರಿಸಿದೆ. ಐದು ಅಡಿ ಐದೂವರೆ ಇಂಚು ಎತ್ತರದವರಿಗೆ ಹದಿನೆಂಟು ಇಂಚಿನ ಫ್ರೇಮ್ ಎಂದು ಅದರಲ್ಲಿ ಸ್ಪಷ್ಟವಾಗಿ ಇತ್ತು.

"ಪಟ್ಟಿ ಸೈಕಲ್ ಹೊಡಿಯಂಗಿಲ್ಲ," ಎಂದರು.

"ನಿಮ್ಮ ಮಾತಿಗೆ ಆಧಾರ ಏನ್ರಿ?" ಎಂದೆ.

ಆಧಾರ ಕೇಳಿದರೆ ಅನುಭವಸ್ಥರು ಸುಮ್ಮನಾಗುತ್ತಾರೆ. ಅದನ್ನು ನಾನು ಗೆಲುವು ಎಂದು ಎಣಿಸಿಕೊಂಡು ಬಂದಿದ್ದೇನೆ, ಎಷ್ಟೋ ವರ್ಷಗಳಿಂದ.

ಸೈಕಲ್ ಅಕ್ಕನಿಗೆ ಬೇಕಿತ್ತು. ಅವಳು ಕುಂಚಾವರಂ ಆಚೆ, ತೆಲುಗು ನಾಡಿನ ಗಡಿಯ ಒಂದು ಸಣ್ಣ ಊರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಚಂದಾಪುರದಲ್ಲಿ ಖೋಲಿ ಮಾಡಿಕೊಂಡಿದ್ದಾಳೆ, ರಜೆಗೆ ವಾಡಿಯ ನಮ್ಮ ಮನೆಗೆ ಬರುತ್ತಾಳೆ. ಬಸ್ಸು ಹೋಗುವುದು ಕುಂಚಾವರಂವರೆಗೆ ಮಾತ್ರ. ಅಲ್ಲಿಂದ ಕಾಡಿನ ನಡುವೆ ನಾಲ್ಕು ಕಿಲೋಮೀಟರ್ ಗರಸಿನ, ಕಲ್ಲಿನ ದಾರಿ. ಯಾರಾದರೂ ಬೈಕಿನ ಹಿಂದೆ ಕೂರಿಸಿಕೊಂಡರೆ ಹತ್ತಕ್ಕೆ ಶಾಲೆ, ಇಲ್ಲದಿದ್ದರೆ ಹನ್ನೊಂದಕ್ಕೆ. ಅಲ್ಲಿ ಅವಳೊಬ್ಬಳೇ ಟೀಚರ್. ಬೀಗದ ಕೈ ಅವಳ ಚೀಲದಲ್ಲಿ. ಅವಳು ತಡ ಮಾಡಿದಷ್ಟು ಹೊತ್ತು ಮಕ್ಕಳು ಹೊರಗೆ ನಿಂತು ತೆಲುಗಿನಲ್ಲಿ ಜಗಳಾಡುತ್ತಾರೆ, ಅವಳು ಬಂದ ಮೇಲೆ ಕನ್ನಡದಲ್ಲಿ ದೂರು ಹೇಳುತ್ತಾರೆ. ದಪ್ಪ ಟೈರಿನ, ಗೇರಿನ ಸೈಕಲ್ ಒಂದನ್ನು ಕುಂಚಾವರಂನಲ್ಲಿ ಇಟ್ಟುಕೊಂಡರೆ ಅವಳು ಯಾರ ದಾರಿಯನ್ನೂ ಕಾಯಬೇಕಿಲ್ಲ ಎಂಬುದು ನನ್ನ ವಾದ. ವಾದ ಸರಿಯಿತ್ತು. ಸೈಜ್ ತಪ್ಪಿತ್ತು.

ಹದಿನೆಂಟರ ಸೈಕಲ್ ಹತ್ತಿದ ಮೂರನೆಯ ದಿನ ಹಳ್ಳದ ಇಳಿಜಾರಿನಲ್ಲಿ ಎಮ್ಮೆಗಳು ಅಡ್ಡ ಬಂದವು. ಅಕ್ಕ ಬ್ರೇಕ್ ಹಿಡಿದು ಕಾಲು ಕೆಳಗಿಟ್ಟಳು. ನೆಲ ಸಿಗಲಿಲ್ಲ. ಸೀಟಿನಿಂದ ಜಾರಿ ಫ್ರೇಮಿನ ಕೊಳವೆಯ ಮೇಲೆ ಬಿದ್ದಳು, ಅಲ್ಲಿಂದ ಸೈಕಲ್ ಸಮೇತ ಕಲ್ಲಿನ ಮೇಲೆ. ಮೊಣಕಾಲು, ಅಂಗೈ ಎರಡೂ ತರಚಿದ್ದವು. ಆ ದಿನವೇ ಫೋನು ಮಾಡಿದಳು.

"ಬಿದ್ದಿದ್ದಕ್ಕ ಅಲ್ಲ, ಒಂದು ಎಮ್ಮಿ ನಿಂತು ನೋಡಾಕತ್ತಿತ್ತು, ಅದಕ್ಕ ನಾಚಿಕಿ ಬಂತು," ಎಂದು ನಕ್ಕಳು. ಆಮೇಲೆ ನಗಲಿಲ್ಲ. "ಇದು ನನ್ನ ಕೈಲೆ ಆಗಂಗಿಲ್ಲ. ಚಂದಾಪುರದ ಬಾಜೂಕ ಒಂದು ಸಾಲ್ಯಾಗ ಜಾಗ ಖಾಲಿ ಅದ. ಅಲ್ಲಿಗೆ ಹಾಕ್ರಿ ಅಂತ ಒಂದು ಅರ್ಜಿ ಬರ್ದು ಕೊಡು. ವಾದ ಮಾಡಾಕ ನಿಂಗೇ ಬರ್ತದ."

ಬರೆದೆ. ಚೆನ್ನಾಗಿಯೇ ಬರೆದೆ, ಅದು ನನ್ನ ರೋಗ. 'ಸದರಿ ದಾರಿಯು ಸೈಕಲ್ ಸವಾರಿಗೂ ಯೋಗ್ಯವಾಗಿರುವುದಿಲ್ಲ' ಎಂಬ ಸಾಲು ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಇದಕ್ಕೆ ಆಧಾರ ಏನು? ಒಂದೇ ಒಂದು ಸಲ ಬಿದ್ದದ್ದು. ಆದರೂ ಸಾಲು ಕೇಳಲು ಚೆನ್ನಾಗಿತ್ತು, ಬಿಟ್ಟೆ. ಅಕ್ಕನ ಸಹಿ ಮತ್ತು ತಾರೀಖಿನ ಜಾಗಗಳು ಮಾತ್ರ ಖಾಲಿ ಉಳಿದವು.

ಆದರೆ ಆ ಸಾಲು ನನ್ನನ್ನು ಬಿಡಲಿಲ್ಲ. ಫೋನು ಮತ್ತೆ ತೆಗೆದು ಓದಿದೆ, ಈ ಸಲ ಪಟ್ಟಿಯನ್ನಲ್ಲ, ಪಟ್ಟಿಯ ಕೆಳಗಿದ್ದ ಸಣ್ಣ ಅಕ್ಷರವನ್ನು. ಅಳೆಯಬೇಕಾದದ್ದು ಕಾಲು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ದಪ್ಪ ಪುಸ್ತಕವನ್ನು ತೊಡೆಗಳ ನಡುವೆ ಸೀಟಿನಂತೆ ಮೇಲಕ್ಕೆ ಒತ್ತಿ ಹಿಡಿಯಬೇಕು. ಅಲ್ಲಿಂದ ನೆಲಕ್ಕೆ ಎಷ್ಟು ಇಂಚು ಎಂಬುದೇ ಲೆಕ್ಕ.

ಶನಿವಾರ ಅಕ್ಕ ಬಂದಳು. ಚಿಂಚೋಳಿ ಕಡೆ ಕಲ್ಲು ಇಳಿಸಿ ಬರುತ್ತಿದ್ದ ಪರಿಚಯದ ಟೆಂಪೋದಲ್ಲಿ ಸೈಕಲ್ಲೂ ಬಂತು. ನಾನು ರಟ್ಟಿನ ಹೊದಿಕೆಯ ನಿಘಂಟು ತಂದು ಅವಳ ಕೈಗಿಟ್ಟು ವಿಷಯ ಹೇಳಿದೆ.

"ಪುಸ್ತಕ? ಕಾಲಾಗ?"

"ಹ್ಞೂಂ. ಸೀಟ್ ಇದ್ದಂಗ."

"ಆಗಂಗಿಲ್ಲ."

"ಅದು ಕಾಗದ, ರಟ್ಟು, ಅಂಟು. ಅದಕ್ಕೇನು ಗೊತ್ತಾಗ್ತದ?"

"ನಂಗ ಗೊತ್ತಾಗ್ತದಲ್ಲ."

ನಾನು ಬಿಡಲಿಲ್ಲ. "ಅಪ್ಪ ದೇವರಿಗೇ ಕೈ ಮುಗಿಯೋದು ಬಿಟ್ಟಾನ. ಬುದ್ಧನ ಮುಂದ ಕುಂತು ವಿಚಾರ ಮಾಡ್ರಿ ಅಂತ ಹೇಳೋ ಮನಿ ನಮ್ದು. ನೀ ರಟ್ಟಿಗೆ ಅಂಜತಿ."

"ಅಂಜಿಕಿ ಅಲ್ಲ," ಎಂದಳು, ನಿಘಂಟನ್ನು ಕಿಟಕಿಯ ಮೇಲೆ ಇಡುತ್ತ. "ನಮ್ಮ ಮುತ್ಯಾಗ, ಅಪ್ಪನ ಅಪ್ಪಗ, ಪುಸ್ತಕ ಮುಟ್ಟಾಕ ಬಿಟ್ಟಿದ್ದಿಲ್ಲ. ನನ್ನ ಕೈಗಿ ಬಂದದ. ಅದನ್ನ ಎಲ್ಲಿ ಇಡಬೇಕಂತ ನಾ ಹೇಳ್ತೀನಿ, ನಿನ್ನ ಪಟ್ಟಿ ಅಲ್ಲ."

ಎದುರಿನವರು ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಕಾದೆ. ಅವಳು ಉಸಿರು ತೆಗೆದುಕೊಂಡಳು. ಅಳೆಯಲು ಬೇರೇನಾದರೂ ಸಿಗುತ್ತದೆಯೇ ಎಂದು ನಾನು ಅಂಗಳದ ಕಡೆ ನೋಡಿದೆ.

ಅಪ್ಪ ಅಂಗಳದಲ್ಲಿ ಕೆಲಸದ ಸಾಮಾನು ತೊಳೆಯುತ್ತಿದ್ದ. ಮಂದಿಯ ಮನೆಗಳಿಗೆ ಫರಸಿ, ಎಂದರೆ ನಮ್ಮ ಶಹಾಬಾದಿ ಕಲ್ಲು, ಹಾಸುವುದು ಅವನ ಕೆಲಸ. ಎದ್ದು ಬಂದು ಒಂದಡಿ ಉದ್ದದ ಲೆವಲ್ ಪಟ್ಟಿ ಕೊಟ್ಟ. ಅದರ ನಡುವೆ ಗಾಜಿನ ನಳಿಕೆ, ಒಳಗೆ ನೀರು, ನೀರಿನಲ್ಲಿ ಒಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ಮಟ್ಟ ಸರಿ ಇದೆ ಎಂದು ಅರ್ಥ.

"ಇದೂ ನಿಂಗ ಅನ್ನ ಹಾಕೋದೇ," ಎಂದೆ. "ಇದಕ್ಕ ಮರ್ಯಾದಿ ಇಲ್ಲೇನು?"

"ಇದು ದಿನಾ ಸಿಮೆಂಟಿನಾಗ ಉಳ್ಳಾಡ್ತದ. ನಿನ್ನಷ್ಟು ಸೊಕ್ಕು ಇಲ್ಲ ಇದಕ್ಕ," ಎಂದ. "ಆ ಮೂಲಿ ಫರಸಿ ಮ್ಯಾಲೆ ನಿಂದ್ರಸು. ಈ ಮನ್ಯಾಗ ಅದೊಂದೇ ಮಟ್ಟ ಅದ."

ಖರೇ. ನಮ್ಮ ಮನೆಯ ನೆಲ ಮಂದಿಯ ಮನೆಗಳಲ್ಲಿ ಉಳಿದ ತುಂಡುಗಳದ್ದು. ಅಪ್ಪ ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಮಾಡಿ ನಿಂತ. ಅಕ್ಕ ಪುಸ್ತಕದ ಬದಲು ಲೆವಲ್ ಪಟ್ಟಿಯನ್ನು ಒತ್ತಿ ಹಿಡಿದಳು, ನಾನು ಟೇಪು ಹಿಡಿದೆ.

"ಗುಳ್ಳಿ ನಡುವ ಬಂತೇನು?" ಎಂದು ಹೊರಗಿನಿಂದ ಕೇಳಿದ.

"ಇಲ್ಲಪ್ಪ, ಅತ್ಲಾಗ ಇತ್ಲಾಗ ಓಡಾಕತ್ತದ."

"ನಗಬ್ಯಾಡ ಅನ್ನು ಅಕಿಗಿ."

ಮೂರು ಸಲ ಅಳೆದೆ. ಮೂರು ಸಲವೂ ಇಪ್ಪತ್ತೆಂಟು ಇಂಚು. ನನ್ನ ಕಾಲಿಗಿಂತ ಕಡಿಮೆ, ಅವಳು ನನಗಿಂತ ಎತ್ತರವಿದ್ದರೂ. ಪಕ್ಕದಲ್ಲಿ ಕೂತರೆ ಅಕ್ಕ ನನಗಿಂತ ನಾಲ್ಕೈದು ಬೆರಳು ಎತ್ತರ ಕಾಣುತ್ತಾಳೆ, ನಿಂತರೆ ಎರಡೇ ಬೆರಳು. ಅವಳ ಎತ್ತರವೆಲ್ಲ ಸೊಂಟದ ಮೇಲಿತ್ತು. ಫೋನಿನ ಪಟ್ಟಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ಹುಟ್ಟಿದಾಗಿನಿಂದ ಅವಳ ಪಕ್ಕದಲ್ಲಿ ಕೂತು ಉಂಡ ನನಗೆ ಗೊತ್ತಿರಬೇಕಿತ್ತು.

ಅಪ್ಪ ಒಳಗೆ ಬಂದು, ಕೈಗೆ ಸಿಕ್ಕ ಕಾಗದದ ಖಾಲಿ ಬೆನ್ನಿಗೆ ತನ್ನ ದಪ್ಪ ಪೆನ್ಸಿಲಿನಲ್ಲಿ ೨೮ ಎಂದು ಬರೆದ. ಅದು ಅರ್ಜಿಯ ಕಾಗದ. ನಾನು ನೋಡಿದೆ, ಅಕ್ಕನೂ ನೋಡಿದಳು. ಅವಳು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಸೈಕಲ್ಲನ್ನು ಶಹಾಬಾದಿಗೆ ಒಯ್ದೆವು. ಅಂಗಡಿಯವರು ನನ್ನನ್ನು ನೋಡಿ ಸ್ಟೂಲಿನ ಮೇಲೆ ಸರಿಯಾಗಿ ಕೂತರು.

"ಮಣ್ಣು ಹತ್ತಿದ ಟೈರು ವಾಪಸ್ ತಗೊಳ್ಳಂಗಿಲ್ಲ ತಂಗಿ. ಇದಕ್ಕ ಆಧಾರ ಬೇಕೇನು?"

ದಾರಿಯುದ್ದಕ್ಕೂ ಮೂರು ಅಂಶ ಜೋಡಿಸಿಕೊಂಡು ಬಂದಿದ್ದೆ. ಮೊದಲನೆಯದೇ ಸುಳ್ಳು ಎಂದು ನನಗೇ ಕಂಡಿತು. "ತಪ್ಪು ನಂದೇ ರಿ," ಎಂದೆ.

"ಏನಂದ್ರಿ? ಜರಾ ಜೋರಾಗಿ. ಹಿಂದಿನ ಗಿರಾಕಿಗೂ ಕೇಳಲಿ."

ಅಕ್ಕ ನಡುವೆ ಬಂದು ಅಳತೆಯ ಕಾಗದ ಕೊಟ್ಟಳು. ಅವರು ೨೮ ನೋಡಿದರು, ತಲೆಯಾಡಿಸಿದರು, ಅಭ್ಯಾಸದಂತೆ ಕಾಗದ ತಿರುಗಿಸಿದರು. ಅಲ್ಲಿ ನನ್ನ ಅರ್ಜಿ. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಆ ಸಾಲಿಗೆ ಬಂದಾಗ ಗಟ್ಟಿಯಾಗಿ ಓದಿದರು: "ಸದರಿ ದಾರಿಯು ಸೈಕಲ್ ಸವಾರಿಗೂ ಯೋಗ್ಯವಾಗಿರುವುದಿಲ್ಲ."

"ಇದ್ಯಾರು ಬರ್ದಿದ್ದು?"

"ನಾನು."

"ಭಾಳ ಚಂದ ಬರ್ದೀರಿ. ನಂಬಬೇಕು ಅನಸ್ತದ." ಅಕ್ಕನ ಕಡೆ ತಿರುಗಿದರು. "ನೀವು ಬಿಟ್ರ ಆ ಸಾಲಿ ಬೀಗ ಯಾರು ತೆಗೀತಾರ್ರಿ ಟೀಚರ್?"

"ಬ್ಯಾರೆಯವರು ಬರೋತನಕ ಯಾರೂ ಇಲ್ರಿ."

ಅವರು ಕಾಗದವನ್ನು ನನ್ನ ಕೈಗೆ ವಾಪಸ್ ಕೊಟ್ಟರು. "ನಾ ಮಾರಿದ ಗಾಡಿ ಅಲ್ಲಿ ನಡಿಯಂಗಿಲ್ಲಂತ ಸರ್ಕಾರಕ್ಕ ಬರ್ದು ಕೊಡ್ತೀರಿ. ದಾರಿ ಏನು ಮಾಡ್ತು ತಂಗಿ? ದಾರಿ ಮೊದಲಿಂದ ಹಂಗೇ ಅದ."

ನಾನು ಆ ಅಂಗಡಿಯಲ್ಲಿ ಆಡಿದ ಯಾವ ಮಾತೂ ಅವರನ್ನು ಒಂದಿಂಚು ಸರಿಸಿರಲಿಲ್ಲ. ಅವರಿಗೆಂದು ಬರೆಯದ ಒಂದು ಸಾಲು ಅವರನ್ನು ಸ್ಟೂಲಿನಿಂದ ಎಬ್ಬಿಸಿತು. ಹದಿನೆಂಟನ್ನು ಗೋಡೆಗೆ ಒರಗಿಸಿ, ಅದರ ಬದಲಿಗೆ ಒಳಗಿನಿಂದ ಹದಿನಾರು ಇಂಚಿನ ಒಂದು ಸೈಕಲ್ ತಂದರು. ಅದರ ಮೇಲಿನ ಕೊಳವೆ ಸೀಟಿನ ಕಡೆಗೆ ಚೆನ್ನಾಗಿ ಇಳಿದಿತ್ತು.

"ಇಲ್ಲಿ ಬ್ಯಾಡ್ರಿ ಟೀಚರ್, ಹೊರಗ ಇಳಿಜಾರಿನಾಗ ನಿಂದ್ರಿ," ಎಂದು ತಾವು ರಸ್ತೆಯ ಕಡೆ ಮುಖ ಮಾಡಿದರು. "ಕೊಳವಿಗಿ ನಿಮಗ ನಡುವ ಮೂರು ಬೆರಳು ಜಾಗ ಸಿಗ್ತದೇನು?"

"ನಾಕು ಸಿಗ್ತದ್ರಿ."

"ಮುಗೀತು."

"ಹ್ಯಾಂಡಲ್ ಹತ್ರ ಆಗಂಗಿಲ್ಲೇನ್ರಿ?" ಎಂದೆ. ಸೋತರೂ ಪ್ರಶ್ನೆ ಕೇಳುವುದನ್ನು ಬಿಡಲಾಗುವುದಿಲ್ಲ.

"ಈಗ ಖರೇ ಪ್ರಶ್ನೆ ಕೇಳಿದ್ರಿ," ಎಂದು ನಟ್ಟು ತಿರುಗಿಸುವ ಪಾನಾ ತೆಗೆದು, ಉದ್ದ ಮೈಯವರಿಗೆಂದು ಸೀಟನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿದರು.

ಮುಂದಿನ ವಾರ ನಾನೂ ಕುಂಚಾವರಂಗೆ ಹೋದೆ. ಅಕ್ಕ ಸೈಕಲ್ ಮೇಲೆ, ನಾನು ಹಿಂದೆ ಕಾಲ್ನಡಿಗೆಯಲ್ಲಿ. ಹಳ್ಳದ ಇಳಿಜಾರಿನಲ್ಲಿ ಎಮ್ಮೆಗಳು ತಮ್ಮ ಹೊತ್ತಿಗೆ ಸರಿಯಾಗಿ ಬಂದವು. ಅಕ್ಕ ಬ್ರೇಕ್ ಹಿಡಿದು ಸೀಟಿನಿಂದ ಮುಂದೆ ಇಳಿದಳು. ಎರಡೂ ಪಾದ ಕಲ್ಲಿನ ಮೇಲೆ ಊರಿದವು. "ಹೋಗವ್ವಾ, ನೀ ಮೊದಲ ಹೋಗು," ಎಂದು ಒಂದು ಎಮ್ಮೆಗೆ ದಾರಿ ಬಿಟ್ಟಳು. ಆಮೇಲೆ ಗೇರಿನ ಟಕ್ ಸದ್ದು, ಏರು ಹತ್ತಿ ಗಿಡಗಳ ಹಿಂದೆ ಮರೆಯಾದಳು.

ನಾನು ತಲುಪಿದಾಗ ತೆಗೆದ ಬೀಗ ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ಹಾಜರಿ ಮುಗಿದಿತ್ತು.

"ಆ ಕಾಗದ ತಂದೀಯೇನು?" ಎಂದಳು ಅಕ್ಕ. "ಇವತ್ತು ಅಳತಿ ಪಾಠ ಅದ."

ಕೊಟ್ಟೆ. ಅವಳು ಅರ್ಜಿಯ ಬದಿಗೆ ಅಂಟು ಬಳಿದು, ೨೮ ಎಲ್ಲರಿಗೂ ಕಾಣುವಂತೆ ಗೋಡೆಗೆ ಒತ್ತಿದಳು. ಮಕ್ಕಳು ಅದರ ಕೆಳಗೆ ಸಾಲಾಗಿ ಬೆನ್ನು ಕೊಟ್ಟು ನಿಂತರು. ಒಬ್ಬಳು ಪಾಠದ ಪುಸ್ತಕ ಎತ್ತಿಕೊಂಡು ಬಂದಳು. ಅಕ್ಕ ಅದನ್ನು ತೆಗೆದು ಮೇಜಿನ ಮೇಲಿಟ್ಟು, ಅವಳ ಕೈಗೆ ಮರದ ಅಡಿಪಟ್ಟಿ ಕೊಟ್ಟಳು.