ಜಪಸರದ ಸಂಜೆ ತಿರುಗಿದ ಸ್ಟೀರಿಂಗ್

ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಕಾರಿದೆ. ಅದಕ್ಕೆ ಗಾಲಿಯಿಲ್ಲ, ಬಾಗಿಲಿಲ್ಲ, ಎಂಜಿನ್ನೂ ಇಲ್ಲ. ಇರುವುದು ಒಂದು ಕಬ್ಬಿಣದ ಚೌಕಟ್ಟು, ಅದರ ಮೇಲೊಂದು ಸೀಟು, ಸ್ಟೀರಿಂಗು, ಮೂರು ಪೆಡಲು, ಎದುರಿಗೆ ಕಂಪ್ಯೂಟರಿನ ಪರದೆ. ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ನಮ್ಮ ಯಜಮಾನರು ಅದರಲ್ಲಿ ಕೂತು ಯಾವುದೋ ದೇಶದ ಕಾಡಿನ ನಡುವಿರುವ ರೇಸ್ ಟ್ರ್ಯಾಕಿನಲ್ಲಿ ಸುತ್ತು ಹೊಡೆದು ಬರುತ್ತಾರೆ. "ಬರ್ತಾ ಒಂದು ಕಟ್ಟು ದಂಟಿನಸೊಪ್ಪು ತನ್ನಿ" ಎಂದು ನಾನು ಅಡುಗೆಮನೆಯಿಂದ ಕೂಗುವುದು, ಅವರು "ಹೂಂ ಕಣೇ" ಎನ್ನುವುದು ನಮ್ಮಲ್ಲಿ ಹಳೆಯ ತಮಾಷೆ.

ಅವರು ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಕೆಲಸಕ್ಕಿದ್ದವರು. ಜೀವನವಿಡೀ ಸ್ಕೂಟರು ಓಡಿಸಿದರು, ಕಾರು ಕೊಳ್ಳುವ ಮಾತು ಪ್ರತಿ ವರ್ಷವೂ ಬಂದು ಪ್ರತಿ ವರ್ಷವೂ ಹೋಯಿತು. ಕಾರ್ಖಾನೆಯವರು ಸ್ವಯಂನಿವೃತ್ತಿ ಕೊಟ್ಟು ಕಳಿಸಿದ ಮೇಲೆ ಮನೆಯಲ್ಲಿ ಏನೋ ಕಡಿಮೆಯಾದಂತಿತ್ತು. ಏನೆಂದು ನನಗೆ ಬಹಳ ದಿನ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ, ಹೆಂಚಿನ ಮೇಲೆ ಹಿಟ್ಟು ಚುಂಯ್ ಎನ್ನುವುದು ಅಷ್ಟು ಸ್ಪಷ್ಟವಾಗಿ ಕೇಳಿಸಿತಲ್ಲ, ಆಗ ತಿಳಿಯಿತು: ಇವರು ಸಿಳ್ಳೆ ಹಾಕುವುದು ನಿಲ್ಲಿಸಿಬಿಟ್ಟಿದ್ದರು. ಗಡ್ಡ ಹೆರೆಯುವಾಗ, ಶೂ ಪಾಲಿಶ್ ಮಾಡುವಾಗ, ಗಿಡಕ್ಕೆ ನೀರು ಬಿಡುವಾಗ ಅವರ ತುಟಿಯಲ್ಲಿ ಯಾವುದಾದರೂ ರಾಗ ಇದ್ದೇ ಇರುತ್ತಿತ್ತು. ನನಗೆ ಸಿಳ್ಳೆ ಬರುವುದಿಲ್ಲ. ಹೆಣ್ಣುಮಕ್ಕಳು ಸಿಳ್ಳೆ ಹಾಕಿದರೆ ಮರಿಯಮ್ಮನಿಗೆ ಬೇಸರವಾಗುತ್ತದೆ ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಹೇಳಿಕೊಟ್ಟಿದ್ದರು. ಹಾಗಾಗಿ ಕೇಳಿಸಿಕೊಳ್ಳುವುದಷ್ಟೇ ನನ್ನ ಪಾಲಿನದು. ಅದೂ ನಿಂತುಹೋಗಿತ್ತು.

ಆಗಲೇ ನನ್ನ ತಮ್ಮನ ಮಗನಿಗೆ ಮದುವೆಯಾಯಿತು. ಹೊಸ ಸೊಸೆ ಕೋಣೆ ಚೊಕ್ಕಟ ಮಾಡಿದಾಗ ಅವನ ಆಟದ ಸ್ಟೀರಿಂಗು, ಪೆಡಲು, ಹಳೆಯ ಕಂಪ್ಯೂಟರು ಎಲ್ಲಾ ನಮ್ಮ ಮನೆಗೆ ಬಂದವು. "ಸ್ವಲ್ಪ ದಿನ ಇಟ್ಕೊಂಡಿರಿ ಮಾವ" ಅಂದ. ಇವರು ಅವನ್ನು ಊಟದ ಮೇಜಿಗೆ ಬಿಗಿದು, "ಕೆಲಸ ಮಾಡುತ್ತಾ ನೋಡೋಣ" ಎಂದು ಸ್ವಿಚ್ಚು ಹಾಕಿದರು. ಸ್ಟೀರಿಂಗು ಜುಯ್ಯೆಂದು ತಾನೇ ತಾನಾಗಿ ಎಡಕ್ಕೆ ಕೊನೆಯವರೆಗೆ ತಿರುಗಿತು, ಬಲಕ್ಕೆ ಕೊನೆಯವರೆಗೆ ತಿರುಗಿತು, ಆಮೇಲೆ ನಡುವಿಗೆ ಬಂದು ನಿಂತಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕರೆಂಟು ಬಂದಾಗಲೆಲ್ಲ ಅದು ಹಾಗೆ ಮಾಡುತ್ತದೆ, ತನ್ನ ಎಡಬಲ ಎಲ್ಲಿದೆ ಎಂದು ನೋಡಿಕೊಳ್ಳುತ್ತದೆ ಎಂದು ಇವರು ವಿವರಿಸಿದರು. ನಿದ್ದೆಯಿಂದೆದ್ದ ನಾಯಿ ಮೈ ಕೊಡವಿದ ಹಾಗೆ ಎಂದುಕೊಂಡೆ.

ಮೊದಲ ದಿನವೇ ಉಪ್ಪಿನಕಾಯಿ ಜಾಡಿ ಮೇಜಿನ ಅಂಚಿನವರೆಗೆ ನಡೆದುಕೊಂಡು ಹೋಯಿತು. ಆಟದ ಕಾರು ರಸ್ತೆ ಬಿಟ್ಟು ಜಲ್ಲಿಯ ಮೇಲೆ ಹೋದರೆ ಸ್ಟೀರಿಂಗು ಗಡಗಡ ನಡುಗುತ್ತದೆ, ಅದರ ಜೊತೆ ಮೇಜೂ ನಡುಗುತ್ತದೆ. ಅದಕ್ಕಿಂತ ದೊಡ್ಡ ತಾಪತ್ರಯ ಕುರ್ಚಿಯದು. ನಮ್ಮದು ಮೊಸಾಯಿಕ್ ನೆಲ. ಇವರು ಬ್ರೇಕು ಒತ್ತಿದರೆ ಕಾರು ನಿಲ್ಲುವ ಬದಲು ಪ್ಲಾಸ್ಟಿಕ್ ಕುರ್ಚಿ ಇವರನ್ನು ಹೊತ್ತುಕೊಂಡು ಹಿಂದಕ್ಕೆ ಜಾರುತ್ತಿತ್ತು. ರುಬ್ಬುವ ಕಲ್ಲು ಅಡ್ಡ ಇಟ್ಟರು, ಅದೂ ಜಾರಿತು. ಕಡೆಗೆ ನಾನೇ ನನ್ನ ಕುರ್ಚಿಯನ್ನು ಅವರ ಕುರ್ಚಿಗೆ ಬೆನ್ನಿಗೆ ಬೆನ್ನು ಹಚ್ಚಿ ಹಾಕಿಕೊಂಡು ಕೂತೆ. ಅವರೆಕಾಯಿಯ ಕಾಲ, ಹೇಗೂ ಬಿಡಿಸಬೇಕಿತ್ತು. ಅವರು ಆ ಕಡೆ ಮುಖ, ನಾನು ಈ ಕಡೆ ಮುಖ. ಬೆನ್ನಿಗೆ ಧಡ್ ಎಂದರೆ ತಿರುವು ಬಂತು ಎಂದರ್ಥ. ಮೆಲ್ಲಗೆ ಒತ್ತಿದರೆ ಸಣ್ಣ ತಿರುವು. ಅವರೆಕಾಯಿ ಮುಗಿಯುವಷ್ಟರಲ್ಲಿ, ನಾನು ಒಮ್ಮೆಯೂ ನೋಡದ ಆ ರಸ್ತೆ ನನ್ನ ಬೆನ್ನಿಗೆ ಪೂರಾ ಪರಿಚಯವಾಗಿತ್ತು.

"ಈಗ ಬ್ರೇಕ್ ಹಿಡೀಬೇಕಿತ್ತಲ್ಲ?" ಎಂದೆ ಒಂದು ಸಲ.

ಪರದೆಯೊಳಗೆ ಕಾರು ಗೋಡೆಗೆ ಹೊಡೆದ ಸದ್ದು ಬಂತು. "ಅದನ್ನ ಮುಂಚೆ ಹೇಳ್ಬಾರ್ದೇನೇ!" ಎಂದರು.

ನಾನು ಮೋಟಾರಿನ ಹೊಲಿಗೆ ಯಂತ್ರ ಕೊಂಡ ಮೇಲೆ ಹಳೆಯ ಯಂತ್ರದ ಕಬ್ಬಿಣದ ಸ್ಟ್ಯಾಂಡು ಬಚ್ಚಲ ಹಿಂದೆ ಬಿದ್ದಿತ್ತು. ಅದನ್ನು ಕೊಟ್ಟೆ. ಸ್ಟೀರಿಂಗು ಅದರ ಮೇಲೆ ಕೂತು ಅಲುಗಾಡುವುದು ಬಿಟ್ಟಿತು. ಆಮೇಲೆ ಇವರು ಗುಜರಿಯಿಂದ ಹಳೇ ಕಾರಿನ ಸೀಟೊಂದು ತಂದರು. ಅದಕ್ಕೆ ಕಿಟಕಿಯ ಪರದೆ ಹೊಲಿದು ಮಿಕ್ಕಿದ್ದ ಮೆರೂನ್ ಬಟ್ಟೆಯಲ್ಲಿ ಗೌಸು ಹೊಲಿದೆ, ಅಂಚಿಗೆ ಬಿಳಿ ದಾರದ ಹೊಲಿಗೆ ಕೊಟ್ಟು. ನಮ್ಮ ಬೀದಿಯ ಕೊನೆಯ ವೆಲ್ಡಿಂಗ್ ಅಂಗಡಿಯವನು ಮನೆಗೇ ಬಂದು ಚೌಕ ಪೈಪುಗಳಿಂದ ಸೀಟನ್ನೂ ಸ್ಟ್ಯಾಂಡನ್ನೂ ಸೇರಿಸಿ ಒಂದು ಮಾಡಿದ. ಬ್ರೇಕು ತೀರಾ ಮೆತ್ತಗಿದೆ ಎಂದು ಇವರು ಗೊಣಗಿದಾಗ, ತೀರಿಕೊಂಡ ನಮ್ಮತ್ತೆಯ ಊರುಗೋಲಿನ ತುದಿಗಿದ್ದ ರಬ್ಬರ್ ಬುಡವನ್ನು ನಾನೇ ಹುಡುಕಿ ಕೊಟ್ಟೆ. ಪೆಡಲಿನ ಹಿಂದೆ ಸಿಕ್ಕಿಸಿ ಒತ್ತಿ ನೋಡಿ, "ಅಮ್ಮ ಈಗ್ಲೂ ನನಗೆ ಬ್ರೇಕ್ ಹಾಕ್ತಿದಾಳೆ ನೋಡು" ಎಂದು ನಕ್ಕರು. ಮಾರನೆಯ ಬೆಳಿಗ್ಗೆ ಬಚ್ಚಲಿನಿಂದ ಸಿಳ್ಳೆ ಕೇಳಿಸಿತು. ನಾನು ಒಲೆ ಸಣ್ಣ ಮಾಡಿಕೊಂಡು ಸುಮ್ಮನೆ ನಿಂತೆ.

ಆದರೆ ಒಂದು ಮಾತಿತ್ತು. ಯಾರಾದರೂ ಬಂದು "ಏನ್ ಸಾರ್ ಇದು?" ಎಂದರೆ ಇವರು, "ನಮ್ಮ ಹುಡುಗಂದು, ಇಡೋಕೆ ಜಾಗ ಇಲ್ಲ ಅಂತ ಇಲ್ಲಿಟ್ಟಿದಾನೆ" ಎನ್ನುತ್ತಿದ್ದರು. ತಲೆ ಬೆಳ್ಳಗಾದ ಮೇಲೆ ಆಟದ ಕಾರು ಓಡಿಸುತ್ತಾರೆ ಎಂದು ಜನ ನಗುತ್ತಾರೆಂಬ ಅಳುಕು. ನಾನೂ ಅದನ್ನೇ ಹೇಳುತ್ತಿದ್ದೆ.

ಅಕ್ಟೋಬರ್ ಜಪಸರದ ತಿಂಗಳು, ಮಣಿಸರ ಎಣಿಸುತ್ತಾ ಮಾತೆಗೆ ಪ್ರಾರ್ಥನೆ ಹೇಳುವ ಕಾಲ. ವಿದ್ಯಾರಣ್ಯಪುರದ ನಮ್ಮ ವಲಯದಲ್ಲಿ ಮಾತೆ ಮರಿಯಮ್ಮನವರ ಸ್ವರೂಪ, ಎಂದರೆ ಪುಟ್ಟ ಪ್ರತಿಮೆ, ಒಂದೊಂದು ಸಂಜೆ ಒಂದೊಂದು ಮನೆಗೆ ಬರುತ್ತದೆ. ಅಕ್ಕಪಕ್ಕದ ಮನೆಯವರೆಲ್ಲ ಬಂದು ಕೂತು ಜಪಸರ ಹೇಳಿ, ರಾತ್ರಿ ಸ್ವರೂಪವನ್ನು ಆ ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಗುರುವಾರ ನಮ್ಮ ಮನೆ ಎಂದು ಚರ್ಚಿನಲ್ಲಿ ಓದಿದ ಕೂಡಲೇ ಇವರ ಮುಖ ಸಣ್ಣಗಾಯಿತು.

"ಬಿಚ್ಚಿಬುಡೋಣ ಕಣೇ" ಎಂದರು ಮನೆಗೆ ಬಂದು.

"ಆಮೇಲೆ ಮತ್ತೆ ಕಟ್ತೀರಾ?"

"ನೋಡೋಣ."

ಅವರ ನೋಡೋಣ ನನಗೆ ಗೊತ್ತು. ಮದುವೆಯಾದ ಹೊಸತರಲ್ಲಿ ಚರ್ಚಿನ ಗಾಯನ ತಂಡದಲ್ಲಿ ಪಿಟೀಲು ನುಡಿಸುತ್ತಿದ್ದರು. ಯಾರೋ ಏನೋ ಅಂದರೆಂದು ಒಂದು ದಿನ ಅಟ್ಟದ ಮೇಲಿಟ್ಟರು. "ಮತ್ತೆ ನುಡಿಸಲ್ವಾ?" ಎಂದರೆ "ನೋಡೋಣ" ಎಂದಿದ್ದರು. ಪಿಟೀಲು ಇನ್ನೂ ಅಟ್ಟದಲ್ಲೇ ಇದೆ. ಈ ಕಾರು ಅಟ್ಟ ಸೇರಿದರೆ ಅದರ ಹಿಂದೆ ಸಿಳ್ಳೆಯೂ ಹೋಗುತ್ತದೆ.

ಬಿಚ್ಚುವುದೂ ಅಷ್ಟು ಸುಲಭವಿರಲಿಲ್ಲ. ನಡುಕೋಣೆಯಲ್ಲೇ ಕೂಡಿಸಿ, ಅಲ್ಲೇ ವೆಲ್ಡಿಂಗ್ ಮಾಡಿಸಿ, ಒಂದೊಂದೇ ಪೈಪು ಸೇರಿಸುತ್ತಾ ಹೋಗಿದ್ದರು. ಈಗ ಅಡ್ಡ ಮಾಡಿದರೂ ಉದ್ದ ಮಾಡಿದರೂ ಅದು ಬಾಗಿಲು ದಾಟುವುದಿಲ್ಲ. ಟೂಲ್ ರೂಮಿನಲ್ಲಿ ಕೂದಲೆಳೆಯಷ್ಟು ಅಳತೆ ನೋಡುತ್ತಿದ್ದವರು ಬಾಗಿಲಿನ ಅಳತೆ ಮರೆತಿದ್ದರು. ವೆಲ್ಡಿಂಗಿನವನಿಗೆ ಫೋನು ಮಾಡಿ, ಕತ್ತರಿಸಿಕೊಡಲು ಕರೆದರು. ಶುಕ್ರವಾರ ಬೆಳಿಗ್ಗೆಗೆ ಮುಂಚೆ ಆಗುವುದಿಲ್ಲ ಎಂದ.

"ಹಂಗಾದ್ರೆ ಗುರುವಾರ ಏನ್ ಮಾಡೋದು?" ಎಂದು ತಲೆ ಮೇಲೆ ಕೈಹೊತ್ತು ಕೂತರು.

"ಇದರ ಮೇಲೇ ಪೀಠ ಮಾಡೋಣ" ಎಂದೆ. "ಗೋಡೆಗೆ ಒರಗಿದೆ, ಅಲ್ಲಾಡಲ್ಲ. ನಮ್ಮನೇಲಿ ಇದಕ್ಕಿಂತ ಗಟ್ಟಿ ಸಾಮಾನು ಇನ್ನೇನಿದೆ?"

"ರೇಸ್ ಕಾರ್ ಮೇಲೆ ಮಾತೆನ ಕೂರಿಸ್ತೀಯಾ?"

"ಕತ್ತೆ ಮೇಲೆ ಕೂತು ಬೆತ್ಲೆಹೇಮಿಗೆ ಹೋದೋರು ಕಣ್ರೀ ಅವರು. ಇದಕ್ಕೆ ಬೇಜಾರ್ ಮಾಡ್ಕೋತಾರಾ?"

ಗುರುವಾರ ಮಧ್ಯಾಹ್ನ ಪರದೆಯನ್ನು ಮಲಗುವ ಕೋಣೆಗೆ ಸಾಗಿಸಿದೆವು. ಪರದೆ ನಿಲ್ಲುತ್ತಿದ್ದ ಹಲಗೆ ಸ್ವರೂಪಕ್ಕೆ, ಕೆಳಗಿನ ಸೀಟು ಹೂವಿಗೆ. ಎಲ್ಲದರ ಮೇಲೂ ನನ್ನ ಬಿಳಿಯ ದೊಡ್ಡ ಹೊದಿಕೆ ಹಾಸಿ, ಅಂಚಿಗೆ ಕ್ರೋಶಾ ಲೇಸು ಬರುವಂತೆ ಪಿನ್ನು ಹಾಕಿದೆ. ಸ್ಟೀರಿಂಗು ಉಬ್ಬಿ ಕಾಣುತ್ತಿತ್ತು. ಅಲ್ಲಿ ನಾಲ್ಕು ನಿರಿಗೆ ಹೆಚ್ಚಿಗೆ ಕೊಟ್ಟು, ಸುಗಂಧರಾಜದ ಹಾರ ಇಳಿಬಿಟ್ಟೆ. ಇವರು ಹಿಂದೆ ಬಗ್ಗಿ ಸೀರಿಯಲ್ ದೀಪದ ಸರ ಸಿಕ್ಕಿಸಿದರು. ದೂರ ನಿಂತು ನೋಡಿದರೆ ಎರಡು ಮೆಟ್ಟಿಲಿನ ಚೆಂದದ ಪೀಠ. ಕೆಳಗೊಂದು ಕಾರಿದೆ ಎಂದು ಯಾರೂ ಹೇಳುವಂತಿರಲಿಲ್ಲ.

ಸಂಜೆ ಮನೆ ತುಂಬಿತು. ನಮ್ಮ ವಲಯದ ಮುಂದಾಳು ನಿವೃತ್ತ ಹೆಡ್‌ಮಿಸ್ಟ್ರೆಸ್ಸು, ಎಲ್ಲರಿಗೂ ಟೀಚರಮ್ಮ. ಆಳು ಗಿಡ್ಡ, ದನಿ ಎತ್ತರ. ಅವರೇ ಸ್ವರೂಪವನ್ನು ಪೀಠದ ಮೇಲಿಟ್ಟು, ಹಲಗೆಯನ್ನು ಬೆರಳಿನಿಂದ ತಟ್ಟಿ, "ಪೀಠ ಗಟ್ಟಿಯಾಗಿದೆ ಕಣಮ್ಮ, ಹೋದ ಮನೇಲಿ ಟೀಪಾಯಿ ಕುಂಟ್ತಿತ್ತು" ಎಂದರು. ನಾನು ಇವರ ಮುಖ ನೋಡಿದೆ. ಇವರು ಚಾವಣಿ ನೋಡುತ್ತಿದ್ದರು.

ದಸರೆಯಲ್ಲಿ ಊರೆಲ್ಲ ಝಗಝಗಿಸಿ, ಅದು ಮುಗಿದ ಮೇಲೆ ನಮ್ಮ ರಸ್ತೆಯ ಕರೆಂಟಿಗೆ ಸುಸ್ತು ಬರುವುದು ಉಂಟು. ಜಪಸರದ ಐದು ಭಾಗಗಳಿಗೆ ರಹಸ್ಯಗಳು ಎನ್ನುತ್ತೇವೆ; ಮೂರನೆಯ ರಹಸ್ಯ ನಡೆಯುವಾಗ ದೀಪ ಹೋಯಿತು. ಯಾರೂ ನಿಲ್ಲಿಸಲಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ದನಿಗಳೆಲ್ಲ ಒಂದಾಗಿ, ಪ್ರಾರ್ಥನೆ ಇನ್ನೂ ಹಿತವಾಯಿತು. ನಾನು ಕಣ್ಣು ಮುಚ್ಚಿಕೊಂಡೆ.

ಕರೆಂಟು ಬಂತು. ಫ್ಯಾನು ತಿರುಗಿತು, ಸೀರಿಯಲ್ ದೀಪ ಮಿನುಗಿತು. ಆಮೇಲೆ ಹೊದಿಕೆಯ ಕೆಳಗಿನಿಂದ, ಜುಯ್ಯ್.

ಸೀರಿಯಲ್ ದೀಪ ಸಿಕ್ಕಿಸಿದ್ದ ಬೋರ್ಡಿನಲ್ಲೇ ಸ್ಟೀರಿಂಗಿನ ವಯರೂ ಇತ್ತು, ಬೆಳಿಗ್ಗೆ ಇವರು ಓಡಿಸಿದಾಗಿನಿಂದ ಅದರ ಸ್ವಿಚ್ಚು ಹಾಕಿಯೇ ಇತ್ತು. ಅದನ್ನು ಕಿತ್ತಿಡುವುದು ಇಬ್ಬರಿಗೂ ಹೊಳೆದಿರಲಿಲ್ಲ. ಪೀಠದ ಹೊಟ್ಟೆ ಎಡಕ್ಕೆ ಸರಿಯಿತು. ನಿರಿಗೆ ಬಿಗಿಯಿತು, ಸುಗಂಧರಾಜದ ಹಾರ ಓರೆಯಾಯಿತು. ಹೊದಿಕೆ ಎಳೆದುಕೊಂಡು ಹೋದಂತೆ ಮೇಲಿದ್ದ ಸ್ವರೂಪ ಮೆಲ್ಲಗೆ, ಬಹಳ ಗಂಭೀರವಾಗಿ, ಟೀಚರಮ್ಮನ ಕಡೆ ತಿರುಗಿತು.

"ಅಯ್ಯೋ ದೇವರೇ, ಮಾತೆ ಅಲ್ಲಾಡಿದ್ರು!" ಎಂದು ಹಿಂದಿನಿಂದ ಯಾರೋ ಕೂಗಿದರು.

ಇವರು ಎದ್ದ ರಭಸ ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಸ್ಟೀರಿಂಗು ಬಲಕ್ಕೆ ತಿರುಗುವಷ್ಟರಲ್ಲಿ ಸ್ವರೂಪವನ್ನು ಎರಡೂ ಕೈಯಲ್ಲಿ ಎತ್ತಿ ಎದೆಗವಚಿಕೊಂಡಿದ್ದರು. ಪೀಠ ಬಲಕ್ಕೆ ಹೋಯಿತು, ನಡುವಿಗೆ ಬಂತು, ನಿಂತಿತು.

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಪೀಠವನ್ನು ನೋಡಿದರು, ಇವರನ್ನು ನೋಡಿದರು. "ಮೊದ್ಲು ಜಪಸರ ಮುಗೀಲಿ" ಎಂದು ಬಿಟ್ಟಲ್ಲಿಂದಲೇ ಶುರುಮಾಡಿದರು. ಮಿಕ್ಕ ರಹಸ್ಯಗಳೆಲ್ಲ ಮುಗಿಯುವವರೆಗೆ ಇವರು ಸ್ವರೂಪವನ್ನು ಹಿಡಿದುಕೊಂಡೇ ನಿಂತಿದ್ದರು, ಕಿವಿ ಕೆಂಪಗಾಗಿ. ಮುಗಿದ ಮೇಲೆ ನಾನು ಓಡಿಹೋಗಿ ಟೀಪಾಯಿ ತಂದಿಟ್ಟೆ.

ಟೀಚರಮ್ಮ ಎದ್ದುಬಂದು ಲೇಸಿನ ಅಂಚನ್ನು ಎರಡು ಬೆರಳಿನಲ್ಲಿ ಎತ್ತಿದರು. "ಏನಮ್ಮ ಇದು?"

"ಅದು ಟೀಚರ್, ನನ್ನ ತಮ್ಮನ ಮಗಂದು..." ಎಂದು ನಾನು ಬಾಯಿಪಾಠ ಒಪ್ಪಿಸಲು ಹೊರಟೆ.

"ನಂದು ಟೀಚರ್" ಎಂದರು ಇವರು. ಅಷ್ಟು ಹೊತ್ತು ಮಾತೆಯನ್ನು ಎತ್ತಿಕೊಂಡು ನಿಂತವರಿಗೆ ಸುಳ್ಳು ಬಾಯಿಗೆ ಬರಲಿಲ್ಲವೇನೋ. "ನಾನೇ ಕಟ್ಟಿದ್ದು. ಓಡಿಸೋದೂ ನಾನೇ, ದಿನಾ."

ಟೀಚರಮ್ಮ ಬಗ್ಗಿ ಪೆಡಲು ನೋಡಿದರು, ಹೊಲಿಗೆ ಯಂತ್ರದ ಸ್ಟ್ಯಾಂಡು ನೋಡಿದರು, ಮೆರೂನ್ ಗೌಸಿನ ಹೊಲಿಗೆಯನ್ನು ಉಗುರಿನಿಂದ ಪರೀಕ್ಷೆ ಮಾಡಿದರು.

"ಎಷ್ಟು ಸ್ಪೀಡ್ ಹೋಗುತ್ತೆ?"

"ನೇರ ರಸ್ತೆಲಿ ಇನ್ನೂರೈವತ್ತು."

"ಇನ್ನೂರೈವತ್ತರಲ್ಲಿ ಹೋಗೋರು ಭಾನುವಾರದ ಪೂಜೆಗೆ ಯಾಕ್ರೀ ಲೇಟಾಗಿ ಬರ್ತೀರಾ?"

ಮನೆಯೆಲ್ಲ ನಗೆ. ಮೊದಲು ನಕ್ಕಿದ್ದು ಇವರೇ. ನಾನು ಕಡಲೆಕಾಳು ಉಸಲಿ, ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಹೊದಿಕೆ ಮಡಿಸಿಟ್ಟಾಗಿತ್ತು, ಪರದೆ ಮತ್ತೆ ಬಂದಿತ್ತು. ಟೀಚರಮ್ಮ ಚಪ್ಪಲಿಯಿಲ್ಲದ ಕಾಲಿನಲ್ಲಿ, ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು ಸೀಟಿನಲ್ಲಿ ಕೂತಿದ್ದರು. ಸ್ಟೀರಿಂಗು ಹಿಡಿದು ನೆಟ್ಟಗೆ, ತರಗತಿಯನ್ನು ನೋಡುವಂತೆ ಪರದೆ ನೋಡುತ್ತಿದ್ದರು. ಕಾಲು ಮಾತ್ರ ಗಾಳಿಯಲ್ಲಿ ತೂಗುತ್ತಿತ್ತು.

"ಪೆಡಲ್ ಎಟಕಲ್ವಲ್ರೀ! ಉದ್ದದೋರಿಗೆ ಮಾತ್ರಾನಾ ನಿಮ್ಮ ಕಾರು?"

"ಸರಿ ಮಾಡಿಸ್ತೀನಿ ಟೀಚರ್" ಎಂದರು ಇವರು. ನೋಡೋಣ ಎನ್ನಲಿಲ್ಲ.

ಶುಕ್ರವಾರ ಬೆಳಿಗ್ಗೆ ಸ್ವರೂಪವನ್ನು ಪಕ್ಕದ ಬೀದಿಯ ಮನೆಗೆ ಬಿಟ್ಟುಬಂದೆವು. ಬರುವಷ್ಟರಲ್ಲಿ ವೆಲ್ಡಿಂಗಿನವನು ಕಟ್ಟಿಂಗ್ ಮಿಷನ್ನು ಹಿಡಿದು ಗೇಟಿನಲ್ಲಿ ನಿಂತಿದ್ದ.

"ಕತ್ತರಿಸ್ಬೇಕು ಅಂದಿದ್ರಲ್ಲ ಸಾ?"

"ಹೂಂ, ಕತ್ತರಿಸೋದೇ" ಎಂದು ಇವರು ಅವನನ್ನು ಒಳಗೆ ಕರೆದುಕೊಂಡು ಹೋಗಿ ಸೀಟಿನ ಕೆಳಗೆ ಸೀಮೆಸುಣ್ಣದಲ್ಲಿ ಗೀಟು ಎಳೆದರು. "ಇಲ್ಲಿ ಕತ್ತರಿಸಿ ಜಾರುಪಟ್ಟಿ ಕೂರಿಸು. ಸೀಟು ಹಿಂದಕ್ಕೂ ಮುಂದಕ್ಕೂ ಹೋಗ್ಬೇಕು. ನಮ್ಮ ಟೀಚರ್‌ಗೆ ಕಾಲು ಎಟಕಲ್ಲ."

ಕಿಡಿ ಹಾರುವ ಕೆಲಸವೆಂದು ಮೆರೂನ್ ಗೌಸು ಬಿಚ್ಚಿ ಕೈಗೆತ್ತಿಕೊಂಡೆ. ಮಿಷನ್ನು ಕಿವಿಗಡಚಿಕ್ಕುವಂತೆ ಶಬ್ದ ಮಾಡುತ್ತಿತ್ತು. ಅದು ಒಂದು ಕ್ಷಣ ನಿಂತಾಗ, ಅಳತೆ ಪಟ್ಟಿ ಹಿಡಿದು ಮಂಡಿಯೂರಿ ಕೂತಿದ್ದ ಇವರ ಸಿಳ್ಳೆ ಕೇಳಿಸಿತು. ಶಬ್ದದ ನಡುವೆಯೂ ಅದು ನಡೆದೇ ಇತ್ತೆಂದು ಕಾಣುತ್ತದೆ, ರಾಗ ಅರ್ಧಕ್ಕೆ ಬಂದಿತ್ತು.