ಪೆಟ್ಟಿಗೆ ಮೊದಲು ಯಾರ ಮನೆಗೆ

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಇಫ್ತಿಕಾರ್, ಹೆಣ ಇಡುವ ಫ್ರೀಜರ್ ಪೆಟ್ಟಿಗೆಯೊಂದನ್ನು ಬಾಡಿಗೆಯಿಲ್ಲದೆ ಕೊಡತೊಡಗಿದಾಗ ಯಾರೂ ಅವನನ್ನು ನಂಬಲಿಲ್ಲ. ಚುನಾವಣೆಗೆ ನಿಲ್ಲುತ್ತಾನೆ ಎಂದರು ಕೆಲವರು. ಅವನ ಮೊಹಲ್ಲಾದವರಿಗೆ ಬೇರೆ ಅನುಮಾನ. ನಮ್ಮಲ್ಲಿ ಸತ್ತವರನ್ನು ಅದೇ ದಿನ ಮಣ್ಣು ಮಾಡುತ್ತೇವೆ, ಪೆಟ್ಟಿಗೆ ನಮಗೆ ಬೇಕಾಗುವುದೇ ಅಪರೂಪ, ಇವನು ಯಾರನ್ನು ಮೆಚ್ಚಿಸಲು ಹೊರಟಿದ್ದಾನೆ? ತಾಯಿ ಫಾತಿಮಾ ಬೀ ಕೂಡ ಅಂಗಡಿಗೆ ಬಂದಾಗಲೆಲ್ಲ ಪೆಟ್ಟಿಗೆಯತ್ತ ಓರೆಗಣ್ಣಿನಿಂದ ನೋಡಿ, ಇದರಿಂದ ನಿನಗೆ ಸಿಗುವುದೇನು, ನಿಜ ಹೇಳು ಎಂದು ಉರ್ದುವಿನಲ್ಲಿ ಗದರುತ್ತಿದ್ದಳು.

ಅವನಿಗೆ ಪೆಟ್ಟಿಗೆಯ ಯೋಚನೆ ಹೊಳೆದದ್ದು ಮೊಳಕಾಲ್ಮೂರಿನಲ್ಲಿ. ಕಡುಬೇಸಿಗೆಯ ಒಂದು ದಿನ ಅಲ್ಲಿನ ಹೋಟೆಲೊಂದರ ಫ್ರಿಜ್ ರಿಪೇರಿಗೆ ಹೋಗಿದ್ದ. ಪಕ್ಕದ ನೇಕಾರರ ಮನೆಯಲ್ಲಿ ಮುದುಕನೊಬ್ಬ ತೀರಿಕೊಂಡಿದ್ದ; ದೂರದಿಂದ ಮಗಳು ಬರಬೇಕಿತ್ತು. ಹೆಣವನ್ನು ಐಸ್ ಗಡ್ಡೆಗಳ ಮೇಲೆ ಮಲಗಿಸಿದ್ದರು. ಕರಗಿದ ನೀರು ಹೊಸಿಲು ದಾಟಿ ಚರಂಡಿಗೆ ಹರಿಯುತ್ತಿತ್ತು. ಓಣಿಯ ಜಯಕ್ಕ ಎಂಬಾಕೆ ಐಸ್ ಬೇಗ ಕರಗದಿರಲೆಂದು ಮೊರದಲ್ಲಿ ಹೊಟ್ಟು ತಂದು ಸುರಿಯುತ್ತಿದ್ದಳು. ಇಫ್ತಿಕಾರನೂ ಕೈಹಾಕಿದ. ಆಮೇಲೆ ದಾವಣಗೆರೆಯಿಂದ ಕೆಟ್ಟುನಿಂತ ಪೆಟ್ಟಿಗೆಯೊಂದನ್ನು ತಂದು, ಕಂಪ್ರೆಸರ್ ಬದಲಿಸಿ ಸರಿಮಾಡಿದ. ಜಯಕ್ಕನನ್ನೂ, ನಾಯಕನಹಟ್ಟಿಯ ನಿವೃತ್ತ ಮುಖ್ಯೋಪಾಧ್ಯಾಯ ಓಂಕಾರಮೂರ್ತಿಯವರನ್ನೂ ಸೇರಿಸಿಕೊಂಡು ಟ್ರಸ್ಟ್ ಮಾಡಿ, ತಾನೇ ಅಧ್ಯಕ್ಷನಾದ.

ಎರಡನೆಯ ವರ್ಷ ಅನುಮಾನ ಅವನ ತಲೆಗೇ ಹೊಕ್ಕಿತು. ಯಾರ ಮನೆಗೆ ಪೆಟ್ಟಿಗೆ ಕಳಿಸಬೇಕೆಂದು ನೋಡಿಕೊಳ್ಳುವ ಹೊಣೆ ಆಗ ಮೇಷ್ಟ್ರದು. ತಳಕಿನ ಕಡೆಯವರು ಯಾರೋ ಪೆಟ್ಟಿಗೆ ಕೇಳಿದ್ದರು. ಅದು ಹೋದದ್ದು ಮಾತ್ರ ಓಂಕಾರಮೂರ್ತಿ ಮೇಷ್ಟ್ರ ನೆಂಟರ ಮನೆಗೆ.

"ಅವ್ರು ಬೇಡ ಅಂದ್ರು, ಅದಕ್ಕೇ ಇಲ್ಲಿಗೆ ಕಳಿಸ್ದೆ" ಎಂದರು ಮೇಷ್ಟ್ರು.

ಇಫ್ತಿಕಾರ್ ತಲೆಯಾಡಿಸಿದ. ನಂಬಲಿಲ್ಲ. ಪೆಟ್ಟಿಗೆ ಸಾಗಿಸುವ ಲಗೇಜ್ ಆಟೊದ ದಾಸಣ್ಣನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರು ಯಾರ ಜೊತೆ ಮಾತಾಡ್ತಾರೆ, ಯಾರ ಮನೇಗೆ ಮೊದ್ಲು ಕಳಿಸ್ತಾರೆ, ನನ್ನ ಕಿವೀಗೆ ಹಾಕ್ತಿರು" ಎಂದ. ದಾಸಣ್ಣ ಇವನಿಗೂ ಸುದ್ದಿ ತಂದ, ಇವನು ಹೀಗೆ ಕೇಳಿದ್ದನ್ನು ಮೇಷ್ಟ್ರಿಗೂ ಹೇಳಿದ.

ಅಂದಿನಿಂದ ಮೇಷ್ಟ್ರು ಸಭೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದರು. ಏನು ಕೇಳಿದರೂ "ನೀವು ಹೇಳ್ದಂಗೆ ಆಗ್ಲಿ ಬಿಡ್ರಿ" ಎಂದಷ್ಟೇ. ಇಫ್ತಿಕಾರನಿಗೆ ಆ ಮೌನದ ಮೇಲೂ ಗುಮಾನಿ. ತಪ್ಪಿಲ್ಲದವರು ಹೀಗೇಕೆ ಸುಮ್ಮನಿರುತ್ತಾರೆ?

ಜಯಕ್ಕ ಸಿಟ್ಟಾದಳು. "ಕೇಳೋದಿದ್ರೆ ಮೇಷ್ಟ್ರ ಮುಂದೇನೇ ಕೇಳಪ್ಪಾ. ಬೆನ್ನ ಹಿಂದೆ ಜನ ಬಿಟ್ಟು ತಿಳ್ಕೊಳ್ಳೋದಾದ್ರೆ ನಮಗ್ಯಾಕೆ ಟ್ರಸ್ಟು? ಪೊಲೀಸ್ ಸ್ಟೇಷನ್ನೇ ಇಟ್ಕೋ."

ಕೊನೆಗೆ ಮೂವರೂ ಕುಳಿತು ಕಟ್ಟುಪಾಡು ಮಾಡಿಕೊಂಡರು. ಪೆಟ್ಟಿಗೆ ಬೇಕೆಂಬ ಕರೆಯೆಲ್ಲ ಜಯಕ್ಕನ ಫೋನಿಗೇ ಬರಬೇಕು. ಅದು ಈಗ ಯಾರ ಮನೆಯಲ್ಲಿದೆ ಎಂಬುದು ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಕಾಣಬೇಕು. ತಕರಾರು ಬಂದರೆ ಮೂವರೂ ಸೇರಿ ತೀರ್ಮಾನಿಸಬೇಕು. ಆದರೆ ಯಾರ ಮನೆಯ, ಯಾರ ನೆಂಟರ ವಿಷಯವೋ ಅವರು ಎದ್ದು ಹೊರಗೆ ಹೋಗಬೇಕು. ಉಳಿದ ಇಬ್ಬರ ಮಾತು ಕೂಡದಿದ್ದರೆ ಮೊದಲು ಕೇಳಿದವರಿಗೇ ಪೆಟ್ಟಿಗೆ. ಹೊರಗೆ ಹೋಗುವ ಮಾತನ್ನು ಒತ್ತಿ ಸೇರಿಸಿದವನು ಇಫ್ತಿಕಾರನೇ. ಮೇಷ್ಟ್ರ ಕೈ ಕಟ್ಟಿದೆನೆಂದು ಅವನಿಗೆ ಒಳಗೊಳಗೇ ಖುಷಿ.

ಮರುವರ್ಷ ಏಪ್ರಿಲ್‌ನ ಒಂದು ಬೆಳಿಗ್ಗೆ ಫಾತಿಮಾ ಬೀ ಚಹಾ ಕುಡಿಯುತ್ತಿದ್ದವಳು ಗೋಡೆಗೆ ಒರಗಿದಳು, ಮತ್ತೆ ಏಳಲಿಲ್ಲ. ಸೌದಿಯಲ್ಲಿದ್ದ ತಮ್ಮ ಜುಲ್ಫಿಕರ್ ಫೋನಿನಲ್ಲೇ ಬಿಕ್ಕಿಬಿಕ್ಕಿ ಅತ್ತ. ನಾಳೆ ಮಧ್ಯಾಹ್ನಕ್ಕೆ ಬಂದುಬಿಡುತ್ತೇನೆ, ಅಮ್ಮಿಯ ಮುಖ ನೋಡುವವರೆಗೆ ತಡೆಯಿರಿ ಎಂದ. ತಡಮಾಡುವುದು ಬೇಡವೆಂದರು ಹಿರಿಯರು. ಆದರೆ ತಮ್ಮನ ಅಳು ಇಫ್ತಿಕಾರನ ಕಿವಿಯಲ್ಲೇ ಇತ್ತು. ಪೆಟ್ಟಿಗೆ ಅವನ ಅಂಗಡಿಯಲ್ಲೇ ಇತ್ತು.

ಅಷ್ಟರಲ್ಲಿ ಜಯಕ್ಕನ ಕರೆ ಬಂತು. ಸಿದ್ದಾಪುರದ ದೊಡ್ಡಪಾಲಯ್ಯ ಎಂಬ ರೈತ ನಸುಕಿನಲ್ಲೇ ತೀರಿಹೋಗಿದ್ದ. ಒಬ್ಬನೇ ಮಗ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದ, ಫೋನಿಗೆ ಸಿಗುತ್ತಿರಲಿಲ್ಲ, ಹುಡುಕಲು ಜನ ಹೋಗಿದ್ದರು. ಪೆಟ್ಟಿಗೆ ಕಳಿಸುತ್ತೇನೆಂದು ಜಯಕ್ಕ ಆಗಲೇ ಮಾತು ಕೊಟ್ಟಿದ್ದಳು. ಚಿತ್ರದುರ್ಗದಲ್ಲಿ ವಿಚಾರಿಸಿದರೆ ಅಲ್ಲಿಯೂ ಯಾವುದೂ ಖಾಲಿ ಇರಲಿಲ್ಲ.

ಸುದ್ದಿ ಕೇಳಿ ಮೇಷ್ಟ್ರು ಅಂಗಡಿಗೆ ಬಂದರು. ಜಯಕ್ಕ ಫೋನಿನಲ್ಲೇ ಇದ್ದಳು. "ಇಫ್ತಿಕಾರಣ್ಣ, ನೀನು ಹೊರಗೆ ಹೋಗ್ಬೇಕು" ಎಂದಳು.

ಅವನು ಅಂಗಡಿಯಿಂದಾಚೆ ಬಂದು ನಿಂತ. ಎದುರಿನ ಟೀ ಅಂಗಡಿಯವರು, ಮೊಹಲ್ಲಾದವರು ಎಲ್ಲ ಅವನನ್ನೇ ನೋಡುತ್ತಿದ್ದರು. "ಈಗ ಗೊತ್ತಾಗುತ್ತೆ ನೋಡ್ಲೇ, ಇವನ ಸೇವೆ ಎಂಥದ್ದು ಅಂತ" ಎಂದು ಯಾರೋ ಅಂದದ್ದು ಕೇಳಿಸಿತು. ತುಸು ಹೊತ್ತಿನ ಮೇಲೆ ಮೇಷ್ಟ್ರು ಹೊರಗೆ ಬಂದರು. ಅವನ ಮುಖ ನೋಡದೆ, "ಸಿದ್ದಾಪುರಕ್ಕೆ" ಎಂದರು.

ದಾಸಣ್ಣನ ಜೊತೆ ಇಫ್ತಿಕಾರನೇ ಪೆಟ್ಟಿಗೆಯನ್ನು ಆಟೊಗೆ ಏರಿಸಿದ. ಆದರೆ ಮೇಷ್ಟ್ರು ಹಳೆಯದನ್ನು ತೀರಿಸಿಕೊಂಡರು, ನನ್ನ ತಾಯಿಯ ಹೆಣದ ಮೇಲೆ ತೀರಿಸಿಕೊಂಡರು ಎಂದೇ ಅವನಿಗೆ ಅನ್ನಿಸಿತು.

ಸಂಜೆ ಫಾತಿಮಾ ಬೀಯನ್ನು ಮಣ್ಣು ಮಾಡಿದರು. ಮರುದಿನ ಜುಲ್ಫಿಕರ್ ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಖಬರಸ್ತಾನಕ್ಕೆ ಹೋದ. ಮನೆಗೆ ಬಂದು ಅಣ್ಣನನ್ನು ಕೇಳಿದ್ದು ಒಂದೇ ಮಾತು: ಪೆಟ್ಟಿಗೆ ನಿನ್ನ ಅಂಗಡಿಯಲ್ಲೇ ಇತ್ತಂತೆ? ಇಫ್ತಿಕಾರ್ ಹೌದೆಂದ. ತಮ್ಮ ವಾರ ಕಳೆಯುವ ಮುಂಚೆಯೇ ಸೌದಿಗೆ ಹೊರಟುಹೋದ.

ಇಫ್ತಿಕಾರ್ ಒಂದೆರಡು ತಿಂಗಳು ಮೇಷ್ಟ್ರ ಜೊತೆ ಮಾತು ಬಿಟ್ಟ. ಅವತ್ತಿನದನ್ನು ದಾಸಣ್ಣನ ಕೈಲಿ ಕೇಳಿಸೋಣವೆಂದು ಒಮ್ಮೆ ಫೋನ್ ಎತ್ತಿಕೊಂಡ, ಹಾಗೇ ಕೆಳಗಿಟ್ಟ. ಬಸ್ಸು ಹತ್ತಿ ನಾಯಕನಹಟ್ಟಿಗೆ ಹೋದ. ಮೇಷ್ಟ್ರು ಜಗಲಿಯ ಮೇಲೆ ಕುಳಿತಿದ್ದರು.

"ಮೇಷ್ಟ್ರೇ, ಅವತ್ತು ಅಮ್ಮಿಗೆ ಪೆಟ್ಟಿಗೆ ಬೇಡ ಅಂದೋರು ನೀವೇನಾ?"

ಓಂಕಾರಮೂರ್ತಿ ಸರಿದು ಅವನಿಗೆ ಜಾಗ ಮಾಡಿಕೊಟ್ಟರು. "ಅಲ್ಲ ಕಣಪ್ಪಾ. ನಾನು ನಿನ್ನ ಪರವಾಗಿ ಹೇಳ್ದೆ. ಸಿದ್ದಾಪುರದೋರಿಗೇ ಹೋಗ್ಬೇಕು ಅಂತ ಹಟ ಹಿಡಿದೋಳು ಜಯಕ್ಕ. ನಮ್ಮಿಬ್ಬರ ಮಾತು ಕೂಡ್ಲಿಲ್ಲ, ಮೊದ್ಲು ಕೇಳಿದೋರಿಗೆ ಹೋಯ್ತು."

ಇಫ್ತಿಕಾರ್ ಕೈಮುಗಿಯಲು ಹೋದ. ಮೇಷ್ಟ್ರು ತಡೆದರು.

"ಕೈಮುಗೀಬೇಡ. ಸಿದ್ದಾಪುರಕ್ಕೇ ಹೋಗ್ಬೇಕು ಅಂತ ನನ್ನ ಮನಸ್ಸಲ್ಲೂ ಇತ್ತು. ಹಂಗಂದ್ರೆ ಮೇಷ್ಟ್ರು ಸೇಡು ತೀರಿಸ್ಕೊಂಡ್ರು ಅಂತೀಯ ಅಂತ ಹೆದರಿ ನಿನ್ನ ಪರ ಹೇಳ್ದೆ. ನೀನು ದಾಸಣ್ಣನ್ನ ನನ್ನ ಹಿಂದೆ ಬಿಟ್ಟಾಗಿಂದ ನನಗೆ ಅನ್ನಿಸಿದ್ದನ್ನ ನಾನು ಸಭೇಲಿ ಹೇಳೇ ಇಲ್ಲ."

ಚಳ್ಳಕೆರೆಗೆ ವಾಪಸಾಗುವ ಬಸ್ಸಿನಲ್ಲಿ ಇಫ್ತಿಕಾರ್ ಅದನ್ನೇ ಯೋಚಿಸಿದ. ಮೇಷ್ಟ್ರು ಕಳ್ಳರೋ ಅಲ್ಲವೋ ಎಂದು ಕಾವಲು ಕಾಯುವುದರಲ್ಲಿ, ಅವರ ಬುದ್ಧಿಯನ್ನು ಟ್ರಸ್ಟಿಗೆ ಇಲ್ಲದಂತೆ ಮಾಡಿದ್ದ. ಮುಂದಿನ ಸಭೆಯಲ್ಲಿ ಅಧ್ಯಕ್ಷತೆಯನ್ನು ಜಯಕ್ಕನಿಗೆ ಬಿಟ್ಟುಕೊಟ್ಟು, ರಿಪೇರಿ ಕೆಲಸ ಮಾತ್ರ ಇಟ್ಟುಕೊಂಡ. ಜಯಕ್ಕ ಸಭೆಯ ಕೊನೆಗೆ ಒಂದು ಪದ್ಧತಿ ತಂದಳು: ಯಾರಿಗೆ ಯಾರ ಮೇಲೆ ಏನು ಅನುಮಾನವಿದೆಯೋ ಅಲ್ಲೇ ಕೇಳಬೇಕು, ಆಮೇಲೆಯೇ ಚಹಾ. ಒಮ್ಮೊಮ್ಮೆ ಜಗಳವಾಗುತ್ತದೆ, ಚಹಾ ಆರಿಹೋಗುತ್ತದೆ. ಮೇಷ್ಟ್ರು ಈಗ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಾರೆ. ತಳಕಿನವರು ನಿಜಕ್ಕೂ ಬೇಡ ಎಂದಿದ್ದರೋ ಇಲ್ಲವೋ ಇಫ್ತಿಕಾರನಿಗೆ ಇವತ್ತಿಗೂ ಖಚಿತವಿಲ್ಲ. ಒಂದು ಸಭೆಯಲ್ಲಿ ಅದನ್ನೂ ಕೇಳಿದ. ಮೇಷ್ಟ್ರು ಮೊದಲಿನ ಉತ್ತರವನ್ನೇ ಕೊಟ್ಟರು. ಅಲ್ಲಿಗೆ ಬಿಟ್ಟ.

ಜುಲ್ಫಿಕರ್ ಈಗ ಶುಕ್ರವಾರಗಳಂದು ಫೋನ್ ಮಾಡುತ್ತಾನೆ. ಮಕ್ಕಳ ಓದು, ಊರಿನ ಬಿಸಿಲು, ಅಂಗಡಿಯ ವ್ಯಾಪಾರ ಎಲ್ಲ ಕೇಳುತ್ತಾನೆ. ಅಮ್ಮಿಯ ಕೊನೆಯ ದಿನದ ಮಾತು ಅವನು ಎತ್ತುವುದಿಲ್ಲ. ಇಫ್ತಿಕಾರನೂ ಇನ್ನೂ ಎತ್ತಿಲ್ಲ.